ಮಳೆಗಾಲದ ಫುಟ್ಬಾಲು, ಒಂದು ಬ್ಯಾಕ್‌ಪಾಸು

ಮೊನ್ನೆ ಚರ್ಚ್‌ಗೇಟಿನಲ್ಲಿ ಇಳಿದು ಕೊಡೆ ಹಿಡಿದುಕೊಂಡು ಕ್ರಾಸ್ ಮೈದಾನದ ಪಕ್ಕ ಹೋಗುತ್ತಿದ್ದೆ. ಕಾಲೇಜು ಹುಡುಗರು ಕೆಸರಲ್ಲಿ ಚೆಂಡಿನ ಹಿಂದೆ ಬಿದ್ದಿದ್ದರು. ಮುಂಬಯಿಗೆ ಹೊಸಬರಾದವರಿಗೆ ಇದು ವಿಚಿತ್ರ ಅನ್ನಿಸಬಹುದು. ಇಲ್ಲಿ ಮಳೆ ಶುರುವಾದರೆ ಮೈದಾನದಿಂದ ಕ್ರಿಕೆಟ್ ಎದ್ದು ಹೋಗುತ್ತದೆ, ಫುಟ್ಬಾಲ್ ಬಂದು ಕೂರುತ್ತದೆ. ಐದು ನಿಮಿಷ ನೋಡೋಣ ಅಂತ ನಿಂತವನು ಮುಕ್ಕಾಲು ಗಂಟೆ ನಿಂತೆ. ಮನೆಯಿಂದ ಮೂರು ಸಲ ಫೋನು!

ನಾನೂ ಒಂದು ಸೀಸನ್ ಆಡಿದವನೇ ಮಾರಾಯ್ರೆ. 1982ರ ಮಾತು. ಮಾಟುಂಗಾದಲ್ಲಿ ಮಾವನ ಹೋಟೆಲು, ಅದರ ಅಟ್ಟದಲ್ಲೇ ನನ್ನ ಬಿಡಾರ. ಬೆಳಿಗ್ಗೆ ಕಾಲೇಜು, ಹನ್ನೆರಡಕ್ಕೆ ಹೋಟೆಲು. ಊಟದ ಗಿರಾಕಿ ಇಳಿದು ಚಹಾದ ಗಿರಾಕಿ ಬರುವ ತನಕ ಎರಡು ಗಂಟೆ ಬಿಡುವು. ಅಷ್ಟೇ ನನ್ನ ಫುಟ್ಬಾಲು. ಊರಿನ ಗದ್ದೆ ಹುಣಿಯಲ್ಲಿ ಮಳೆಗಾಲವಿಡೀ ಓಡಿದ ಕಾಲು, ಕೆಸರಲ್ಲಿ ಜಾರುತ್ತಿರಲಿಲ್ಲ. ಆ ಒಂದೇ ಯೋಗ್ಯತೆಯ ಮೇಲೆ ಡಿಫೆನ್ಸಿಗೆ ಹಾಕಿದರು. ತಂಡದಲ್ಲಿ ಯಾರಿಗೂ ನನ್ನ ಹೆಸರು ಬೇಕಿರಲಿಲ್ಲ. ಉಡುಪಿ ಹೋಟೆಲಿನವನು ಅಂದರೆ ಎಲ್ಲರಿಗೂ 'ಅಣ್ಣಾ'.

ಗೋಲ್‌ಕೀಪರ್ ಲಾಲ್‌ಬಾಗಿನ ಚಾಳಿನ ಹುಡುಗ. (ನಮ್ಮ ಬೆಂಗಳೂರಿನ ಲಾಲ್‌ಬಾಗ್ ಅಲ್ಲ, ಪರೇಲಿನ ಪಕ್ಕದ್ದು. ಅವನ ಹೆಸರು ಬೇಡ ಬಿಡಿ.) ಅಪ್ಪ ಬಟ್ಟೆ ಮಿಲ್ಲಿನಲ್ಲಿ. ಆ ವರ್ಷ ಜನವರಿ 18ಕ್ಕೆ ದತ್ತಾ ಸಾಮಂತರ ನೇತೃತ್ವದಲ್ಲಿ ಮುಷ್ಕರ ಶುರುವಾಗಿತ್ತು. ಸುಮಾರು 2.5 ಲಕ್ಷ ಕಾರ್ಮಿಕರು ಹೊರಗೆ. ಮಳೆ ಹಿಡಿಯುವಷ್ಟರಲ್ಲಿ ಅವನ ಅಮ್ಮನ ಬಳೆ ಅಡವಿಗೆ ಹೋಗಿದ್ದವು. ಆ ಕಡೆಯ ನಮ್ಮವರ ಹೋಟೆಲುಗಳಲ್ಲಿ ಉದ್ರಿ ಪುಸ್ತಕ ದಪ್ಪವಾಗುತ್ತಿತ್ತು.

ಆಗ ಫುಟ್ಬಾಲ್ ಎಂದರೆ ನೌಕರಿಯ ದಾರಿಯೂ ಹೌದು. ಟಾಟಾ, ಮಹೀಂದ್ರ, ಮಫತ್‌ಲಾಲ್, ಏರ್ ಇಂಡಿಯಾ, ರೈಲ್ವೆ, ಎಲ್ಲರಿಗೂ ತಂಡಗಳಿದ್ದವು. ಚೆನ್ನಾಗಿ ಆಡುವವನಿಗೆ ಒಂದು ಕುರ್ಚಿ, ತಿಂಗಳ ಪಗಾರ. ನಮ್ಮ ಗೋಲಿಯ ಕಣ್ಣು ಅದರ ಮೇಲೆ. ಜುಲೈಯಲ್ಲಿ ಇಟಲಿ ವಿಶ್ವಕಪ್ ಗೆದ್ದಾಗ ಅವರ ಕಪ್ತಾನ, ಗೋಲ್‌ಕೀಪರ್ ಡೀನೋ ಝೋಫ್‌ಗೆ 40 ವರ್ಷ. ಪೇಪರಿನಿಂದ ಆ ಫೋಟೋ ಕತ್ತರಿಸಿ ಕಿಸೆಯಲ್ಲಿಟ್ಟುಕೊಂಡಿದ್ದ. "ಅಣ್ಣಾ, ನನಗಿನ್ನೂ ಇಪ್ಪತ್ತು ವರ್ಷ ಇದೆ" ಅನ್ನುತ್ತಿದ್ದ.

ನಾಲ್ಕು ಪಂದ್ಯ ಗೆದ್ದೆವು. ಅವನು ಬಿಟ್ಟದ್ದು ಒಂದೇ ಗೋಲು. ಸೆಮಿಫೈನಲಿಗೆ ಒಂದು ಕಂಪನಿಯವರು ಅವನನ್ನು ನೋಡಲೆಂದೇ ಬಂದಿದ್ದರು. ಗೆರೆಯಾಚೆ ಕರಿ ಕೊಡೆ ಹಿಡಿದು ನಿಂತಿದ್ದರು.

ದ್ವಿತೀಯಾರ್ಧ. ಜಡಿ ಮಳೆ. ಚೆಂಡು ನನ್ನ ಕಾಲಿಗೆ ಬಂತು, ಹಿಂದೆ ಅವರ ಫಾರ್ವರ್ಡ್. ಹೊರಗೆ ಹೊಡೆದುಬಿಡಬಹುದಿತ್ತು. ಆದರೆ ಆಗಿನ ನಿಯಮದಲ್ಲಿ ನಮ್ಮವರೇ ಹಿಂದಕ್ಕೆ ಒದ್ದ ಚೆಂಡನ್ನು ಗೋಲಿ ಕೈಯಲ್ಲಿ ಹಿಡಿಯಬಹುದಿತ್ತು, ನಮ್ಮಂಥ ಡಿಫೆಂಡರುಗಳಿಗೆ ಅದೇ ಸೋಮಾರಿ ಉಪಾಯ. ನೋಡದೆ ಹಿಂದಕ್ಕೆ ತಳ್ಳಿದೆ. ನಡುವೆ ಒಂದು ಹೊಂಡ. ಚೆಂಡು ನೀರಲ್ಲಿ ಗಕ್ಕನೆ ನಿಂತಿತು. ಅವನು ಓಡಿ ಬಂದ, ಜಾರಿದ, ಕೈ ಒಂದು ಗೇಣು ಸಾಲಲಿಲ್ಲ. ಫಾರ್ವರ್ಡ್ ಖಾಲಿ ಗೋಲಿನೊಳಗೆ ತಟ್ಟಿದ. ಒಂದು–ಸೊನ್ನೆ. ಸೀಸನ್ ಮುಗಿಯಿತು.

ದೂರದಿಂದ ನೋಡಿದವರಿಗೆ ಕಂಡದ್ದು ಇಷ್ಟೇ: ಗೋಲಿ ಸುಮ್ಮನೆ ಜಾಗ ಬಿಟ್ಟು ಓಡಿ ಬಂದ. ಪಂದ್ಯ ಮುಗಿದ ಮೇಲೆ ಕೊಡೆಯವರು ನಮ್ಮ ಸರ್ ಹತ್ತಿರ ಏನೋ ಕೇಳಿದರು. ಸರ್ ತಿರುಗಿ, ಹತ್ತಿರವಿದ್ದ ನನ್ನನ್ನೇ ಕೇಳಿದರು, ಅವನು ಯಾಕೆ ಹೊರಗೆ ಬಂದ ಅಂತ. ನಾನು ಜೆರ್ಸಿ ಹಿಂಡುತ್ತಿದ್ದೆ. "ಪತಾ ನಹೀ ಸರ್" ಅಂದೆ.

ಎರಡೇ ಶಬ್ದ. ಹೊಟೇಲಿಗೆ ಹೊತ್ತಾಗಿತ್ತು, ಮಾವ ಬೈಯುತ್ತಾರೆ ಅಂತ ಅಲ್ಲಿಂದ ಓಡಿದ್ದೂ ಹೌದು.

ಅವನಿಗೆ ಆ ನೌಕರಿ ಸಿಗಲಿಲ್ಲ. ಆಗ ನಾನು ನಿಜ ಹೇಳಿದ್ದರೆ ಸಿಗುತ್ತಿತ್ತೋ ಇಲ್ಲವೋ, ಯಾರು ಬಲ್ಲರು. ದೀಪಾವಳಿಗೆ ಮೊದಲೇ ಕಾಲೇಜು ಬಿಟ್ಟ. ಮುಷ್ಕರ ಮುಗಿಯಿತು ಅಂತ ಯಾರೂ ಹೇಳಲೇ ಇಲ್ಲ. ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು, ಅವನ ಮನೆಯವರು ಚಾಳು ಬಿಟ್ಟು ಸಾವಂತವಾಡಿ ಕಡೆಯ ಊರಿಗೆ ಹೋದರು.

1994ರಲ್ಲಿ, ಅಮೆರಿಕದ ವಿಶ್ವಕಪ್ ನಡೆಯುತ್ತಿದ್ದಾಗ, ಒಂದು ಮಧ್ಯಾಹ್ನ ಮಗನನ್ನು ಕರಕೊಂಡು ನಮ್ಮ ಹೋಟೆಲಿಗೆ ಬಂದ. ಅಷ್ಟರಲ್ಲಿ ಗಲ್ಲೆಯಲ್ಲಿ ನಾನೇ ಕೂರುತ್ತಿದ್ದೆ. ಊರಲ್ಲಿ ಗೇರು ತೋಟ, ಪರವಾಗಿಲ್ಲ ಅಂದ. ಮಸಾಲೆ ದೋಸೆ ತಿನ್ನುತ್ತಾ ಅವನೇ ಮಾತು ತೆಗೆದ. "ಈಗ ಬ್ಯಾಕ್‌ಪಾಸು ಕೈಯಲ್ಲಿ ಹಿಡಿಯೋ ಹಾಗಿಲ್ಲವಲ್ಲ ಅಣ್ಣಾ?" ಅಂತ ನಕ್ಕ. 1992ರಲ್ಲಿ ನಿಯಮ ಬದಲಾಗಿತ್ತು. ಹತ್ತು ವರ್ಷ ಮೊದಲೇ ಬದಲಾಗಿದ್ದರೆ ಆ ಚೆಂಡನ್ನು ನಾನು ಹೊರಗೇ ಒದೆಯುತ್ತಿದ್ದೆ.

ತಡೆಯಲಾಗಲಿಲ್ಲ. "ಆ ಗೋಲು ನಂದು" ಅಂದೆ.

"ನನಗೆ ಹೇಳ್ತೀಯಲ್ಲ, ನಾನು ಅಲ್ಲೇ ಇದ್ದೆ" ಅಂದ. ನಗಲಿಲ್ಲ, ಬೈಯಲೂ ಇಲ್ಲ. ಮಗನ ತಟ್ಟೆಗೆ ಇನ್ನಷ್ಟು ಚಟ್ನಿ ಹಾಕಿದ.

ಹುಡುಗನಿಗೆ ಏನಾದರೂ ಸಿಹಿ ಕಟ್ಟಿಸೋಣ ಅಂತ ನಾನು ಒಳಗೆ ಹೋದೆ. ಪೊಟ್ಟಣ ಹಿಡಿದು ಬರುವಷ್ಟರಲ್ಲಿ ಇಬ್ಬರೂ ಹೊರಟಾಗಿತ್ತು. ಗಲ್ಲೆಯ ಮೇಲೆ ಬಿಲ್ಲಿನ ಹಣ, ಲೆಕ್ಕಕ್ಕೆ ಸರಿಯಾಗಿ.