ಮೂರು ಊರು, ಒಂದು ಸೋತ ಹಂಗಾಮು

ನಮ್ಮ ಗದಗ ಜಿಲ್ಲೆಯ ಕಡೆ ಹಂಗಾಮು ಅಂದರೆ ಎರಡೇ: ಮುಂಗಾರಿ, ಹಿಂಗಾರಿ. ‘ಈ ಹಂಗಾಮು ಹೋತ್ರಿ’ ಅಂದರೆ ಬೆಳೆ ಕೈಬಿಟ್ಟಿತು ಎಂದರ್ಥ. ಆದರೆ 2017ರ ಮೇ ತಿಂಗಳಲ್ಲಿ ನರಗುಂದ, ರೋಣ, ಗಜೇಂದ್ರಗಡ ಸುತ್ತುವಾಗ ಈ ಮಾತನ್ನು ಇನ್ನೊಂದು ಅರ್ಥದಲ್ಲೂ ಕೇಳಿದೆ. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ಈ ವರ್ಷ ಆರ್‌ಸಿಬಿ ಕೈಕೊಟ್ಟಿತ್ತು.

ಮೊದಲು ಇಳಿದದ್ದು ನರಗುಂದದಲ್ಲಿ. ಸಪಾಟಾದ ಎರಿ ಹೊಲಗಳ ನಡುವೆ ಗುಡ್ಡ ದೂರದಿಂದಲೇ ಕಾಣುತ್ತದೆ. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಬಾಬಾಸಾಹೇಬನ ಊರು ಇದು. ಕಾಲುವೆಯಲ್ಲಿ ನೀರು ಬಾರದಿದ್ದರೂ ಕರ ಕಟ್ಟಿ ಎಂದಾಗ, 1980ರ ಜುಲೈ 21ರಂದು ರೈತರು ಸಿಡಿದೆದ್ದದ್ದೂ ಇಲ್ಲಿಯೇ. 2015ರ ಜುಲೈನಲ್ಲಿ ಶುರುವಾದ ಮಹದಾಯಿ ಹೋರಾಟ ನಾನು ಹೋದಾಗಲೂ ನಡೆದೇ ಇತ್ತು. ಚಹಾದಂಗಡಿಯಲ್ಲಿ ಪೇಪರ್ ಓದುತ್ತಿದ್ದ ಹಿರಿಯರೊಬ್ಬರು ಆಟದ ಪುಟ ಮಡಚಿಟ್ಟು ಹೇಳಿದರು: ‘ಮಲಪ್ರಭಾ ಕಾಲುವಿ ಐತ್ರಿ, ನೀರಿಲ್ಲ. ಆರ್‌ಸಿಬಿನೂ ಹಂಗ. ಗೇಲ್ ಅದಾನ, ಕೊಹ್ಲಿ ಅದಾನ, ಡಿವಿಲಿಯರ್ಸ್ ಅದಾನ. ರನ್ ಇಲ್ಲ.’

ಅವರ ಲೆಕ್ಕ ಸುಳ್ಳಲ್ಲ. 2016ರಲ್ಲಿ ಕೊಹ್ಲಿ ಒಬ್ಬರೇ 973 ರನ್ ಹೊಡೆದಿದ್ದರು. ಫೈನಲ್‌ನಲ್ಲಿ ನಮ್ಮ ಚಿನ್ನಸ್ವಾಮಿ ಅಂಗಳದಲ್ಲೇ ಹೈದರಾಬಾದ್ ಎದುರು ಸೋತದ್ದು ಬರೀ 8 ರನ್‌ಗಳಿಂದ. ಮರುವರ್ಷ ಅದೇ ಕೊಹ್ಲಿ ಗಳಿಸಿದ್ದು 308. ಏಪ್ರಿಲ್ 23ರಂದು ಕೋಲ್ಕತ್ತದಲ್ಲಿ 132 ರನ್ ಬೆನ್ನು ಹತ್ತಿದ ತಂಡ 9.4 ಓವರ್‌ಗಳಲ್ಲಿ 49ಕ್ಕೆ ಗಂಟುಮೂಟೆ ಕಟ್ಟಿತು. ಹನ್ನೊಂದು ಜನರಲ್ಲಿ ಒಬ್ಬರೂ ಎರಡಂಕಿ ಮುಟ್ಟಲಿಲ್ಲ.

ನರಗುಂದದಿಂದ ರೋಣಕ್ಕೆ ಬಸ್ಸು ಹಿಡಿದೆ. ದ್ರೋಣಾಚಾರ್ಯರ ಹೆಸರಿನಿಂದ ಊರಿಗೆ ಈ ಹೆಸರು ಬಂತೆಂದು ಹೇಳುತ್ತಾರೆ. ಗುರುವಿನ ಊರಲ್ಲವೇ, ಇಲ್ಲಿನ ಹುಡುಗರು ಬೈಯುವ ಬದಲು ಪಾಠ ಮಾಡಿದರು. ಬಸ್ ಸ್ಟ್ಯಾಂಡಿನ ಹತ್ತಿರ ಗಿರ್ಮಿಟ್ ತಿನ್ನುತ್ತ ಒಬ್ಬ ಬೆರಳು ಮಡಚಿ ಎಣಿಸಿದ: ‘ರಾಹುಲ್‌ಗೆ ಭುಜದ ನೋವು, ಇಡೀ ಸೀಸನ್ ಇಲ್ಲ. ಸ್ಟಾರ್ಕ್ ಮೊದಲ ಕೈ ಎತ್ತಿದ. ಕೊಹ್ಲಿ ಮೊದಲನೇ ಮೂರು ಮ್ಯಾಚ್ ಆಡ್ಲಿಲ್ಲ. ಬಿತ್ತೂ ಹೊತ್ನ್ಯಾಗ ಎತ್ತು ಇಲ್ದಂಗ ಆತು ನೋಡ್ರಿ.’

ಬೆಂಗಳೂರಿನ ತಂಡಕ್ಕೆ ಇಷ್ಟು ದೂರದ ನೀವ್ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳುತ್ತೀರಿ ಎಂದೆ. ‘ಗೆದ್ರ ಬೆಂಗಳೂರಿನವರದು, ಸೋತ್ರ ನಮ್ದು,’ ಅಂದ. ಎಲ್ಲರೂ ನಕ್ಕರು. ಗದಗಿನ ಸುನೀಲ್ ಜೋಶಿ ನಸುಕಿನಲ್ಲೇ ರೈಲು ಹತ್ತಿ ಹುಬ್ಬಳ್ಳಿಗೆ ಪ್ರಾಕ್ಟೀಸಿಗೆ ಹೋಗಿ, ಕೊನೆಗೆ ಭಾರತಕ್ಕೆ ಆಡಿದ ಕತೆ ಈ ಕಡೆ ಎಲ್ಲರಿಗೂ ಗೊತ್ತು. ರಾಜಧಾನಿ ದೂರ ಎಂದು ಆಸೆ ಬಿಡುವ ಜನ ಇವರಲ್ಲ.

ಗಜೇಂದ್ರಗಡ ಮುಟ್ಟಿದಾಗ ಭಾನುವಾರ, ಮೇ 14. ಊರ ಮೇಲೆ ಕೋಟೆ, ಸುತ್ತ ಗುಡ್ಡಗಳ ಮೇಲೆ ಗಾಳಿಯಂತ್ರಗಳು, ಓಣಿಗಳಲ್ಲಿ ಮಗ್ಗದ ಸಪ್ಪಳ. ಕಾಲಕಾಲೇಶ್ವರನ ಗುಡಿಯ ಮೆಟ್ಟಿಲು ಹತ್ತಿದೆ. ಕೆಳಗೆ ಹೊಲಗಳು ಬಣಬಣ ಅನ್ನುತ್ತಿದ್ದರೂ ಅಂತರಗಂಗೆಯ ನೀರು ಬಂಡೆಯಿಂದ ಇಳಿಯುತ್ತಲೇ ಇತ್ತು.

ಆಗಿನ್ನೂ ಗಜೇಂದ್ರಗಡ ರೋಣ ತಾಲ್ಲೂಕಿನಲ್ಲಿತ್ತು. ಆ ಮಾರ್ಚ್‌ನ ಬಜೆಟ್‌ನಲ್ಲಿ ಘೋಷಿಸಿದ 49 ಹೊಸ ತಾಲ್ಲೂಕುಗಳಲ್ಲಿ ಇದೂ ಒಂದು. ಚಹಾದಂಗಡಿಯವನು ಗ್ಲಾಸು ತೊಳೆಯುತ್ತ, ‘ಸರಕಾರ 49 ಕೊಟ್ಟತಿ, ಆರ್‌ಸಿಬಿನೂ 49 ಕೊಟ್ಟತಿ. ಯಾವ್ದು ಕೆಲಸಕ್ಕ ಬರತೈತೋ ನೋಡೂಣ್ರಿ,’ ಎಂದ.

ಅಂದು ರಾತ್ರಿ ಡೆಲ್ಲಿಯಲ್ಲಿ ಕೊನೆಯ ಮ್ಯಾಚ್. ಕೊನೆಯ ಸ್ಥಾನ ಆಗಲೇ ಗಟ್ಟಿಯಾಗಿತ್ತು. ಆದರೂ ಅಂಗಡಿಯ ಟಿವಿ ಮುಂದೆ ಹತ್ತು-ಹನ್ನೆರಡು ಜನ. ನನ್ನ ಪಕ್ಕದಲ್ಲಿ ಕುಳಿತ ಹುಡುಗನ ಕಾಲ ಬಳಿ ಒಂದು ಬ್ಯಾಗಿತ್ತು. ಬೆಳಗಿನ ಬಸ್ಸಿಗೆ ಗೋವಾಕ್ಕೆ, ಕಟ್ಟಡ ಕೆಲಸಕ್ಕೆ. ಮನೆಯಲ್ಲಿ ಬೀಜಕ್ಕೂ ರೊಕ್ಕ ಇರಲಿಲ್ಲವಂತೆ. ಆರ್‌ಸಿಬಿ 10 ರನ್‌ಗಳಿಂದ ಗೆದ್ದಿತು. ಹದಿನಾಲ್ಕರಲ್ಲಿ ಮೂರನೇ ಗೆಲುವು. ಹತ್ತು ಸೋಲು, ಒಂದು ಮಳೆಗೆ ಹೋಗಿತ್ತು. ‘ಮಳಿ ಬೇಕಾದಲ್ಲಿ ಬರೂದಿಲ್ಲ, ಅಲ್ಲಿ ಹೋಗಿ ಬಂದೈತಿ,’ ಎಂದು ಯಾರೋ ಗೊಣಗಿದರು.

ಜರ್ಮನಿಯ ಫುಟ್‌ಬಾಲ್ ಲೀಗಿನಲ್ಲಿ ತಳಕ್ಕೆ ಬಿದ್ದ ಕ್ಲಬ್ಬು ಮರುವರ್ಷ ಕೆಳಗಿನ ದರ್ಜೆಯಲ್ಲಿ ಆಡಬೇಕು. ಐಪಿಎಲ್‌ನಲ್ಲಿ ಆ ಶಿಕ್ಷೆಯಿಲ್ಲ, ಮತ್ತೆ ಸೊನ್ನೆಯಿಂದ ಶುರು. ಒಕ್ಕಲುತನಕ್ಕೆ ಇಷ್ಟು ದಯೆ ಇಲ್ಲ. ಹೋದ ಹಂಗಾಮಿನ ಸಾಲ ಮುಂದಿನದಕ್ಕೂ ಬರುತ್ತದೆ.

‘ಕಪ್ ಯಾವಾಗ?’ ಎಂದು ಆ ಹುಡುಗನನ್ನು ಕೇಳಿದೆ. ‘ಮುಂದಿನ ಸಲ ನಮ್ದೇರಿ,’ ಎಂದ. ‘ಮತ್ತ ನೀನು?’ ಅಂದೆ. ಬ್ಯಾಗು ಹೆಗಲಿಗೇರಿಸುತ್ತ ಹೇಳಿದ: ‘ಮಿರಗದ ಮಳಿ ಬಿದ್ರ ಸಾಕ್ರಿ, ಫೋನ್ ಮಾಡ್ತಾರ. ಮರುದಿನಾನ ಬಿತ್ತಾಕ ಬರ್ತೇನಿ.’