ಕೈಗೊಂದು ದಬ್ಬೆ

ಕಾಲಿಗೆ ಜೋಮು ಹಿಡಿದರೆ ಯಾರೂ ಅದನ್ನು ರೋಗವೆನ್ನುವುದಿಲ್ಲ. ಎದ್ದು ನಾಲ್ಕು ಹೆಜ್ಜೆ ಕುಂಟಿದರೆ ಮುಗಿಯಿತು. ಕೈಗೆ, ಅದೂ ನಡುರಾತ್ರಿಯಲ್ಲಿ, ದಿನವೂ ಹಿಡಿಯತೊಡಗಿದರೆ ಕಥೆಯೇ ಬೇರೆ. ಉತ್ತರಪತ್ರಿಕೆಗಳ ಕಾಲ ಮುಗಿಯುವ ಹೊತ್ತಿಗೆ ನನ್ನ ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಸೇರಿ ರಾತ್ರಿ ಎರಡಕ್ಕೆ ನನ್ನನ್ನು ಎಬ್ಬಿಸುವ ವ್ರತ ಹಿಡಿದವು. ಥರ್ಮಾಮೀಟರಿನ ಪಾದರಸ ಇಳಿಸುವವರಂತೆ ಕೈಯನ್ನು ಕೊಡವುತ್ತ ಕೂತಿರುತ್ತಿದ್ದೆ. ಹಗಲಲ್ಲಿ ಸೀಮೆಸುಣ್ಣ ಜಾರಿ ಬೀಳತೊಡಗಿದಾಗ ದಿಗಿಲಾಯಿತು. ಬರೆಯುವ ಕೈ ಹೋದರೆ ಕನ್ನಡ ಮೇಷ್ಟರಲ್ಲಿ ಉಳಿಯುವುದು ಬಾಯೊಂದೇ. ಅದು ಈಗಲೇ ಹೆಚ್ಚಾಗಿದೆ ಎಂಬುದು ನನ್ನಾಕೆಯ ಅಭಿಪ್ರಾಯ.

ವೈದ್ಯರು ಎರಡೂ ಕೈಗಳ ಹಿಂಬದಿಯನ್ನು ಒಂದಕ್ಕೊಂದು ಒತ್ತಿ, ಬೆರಳುಗಳನ್ನು ಕೆಳಗೆ ಮಾಡಿ, ಒಂದು ನಿಮಿಷ ಹಿಡಿಯಿರಿ ಎಂದರು. ತಲೆಕೆಳಗಾದ ನಮಸ್ಕಾರ! ನಿಮಿಷ ತುಂಬುವ ಮೊದಲೇ ಜೋಮು ಹಾಜರಾಯಿತು. ಜಾರ್ಜ್ ಫೇಲನ್ ಎಂಬ ಅಮೆರಿಕದ ವೈದ್ಯನ ಹೆಸರಿನ ಪರೀಕ್ಷೆ ಇದು. ರೋಗದ ಹೆಸರು ಕಾರ್ಪಲ್ ಟನಲ್ ಸಿಂಡ್ರೋಮ್. ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳ ಕಮಾನು, ಅದಕ್ಕೆ ಬಿಗಿದ ಒಂದು ಗಟ್ಟಿ ಅಡ್ಡಪಟ್ಟಿ. ನಡುವಣ ಓಣಿಯಲ್ಲಿ ಬೆರಳು ಮಡಿಸುವ ಒಂಬತ್ತು ಸ್ನಾಯುರಜ್ಜುಗಳೂ ಒಂದು ನರವೂ ನುಸುಳಬೇಕು. ಓಣಿ ಇಕ್ಕಟ್ಟಾದರೆ ನಲುಗುವುದು ನರ. ಉಂಗುರಬೆರಳನ್ನಂತೂ ಈ ನರವೂ ಪಕ್ಕದ ನರವೂ ಉದ್ದಕ್ಕೆ ಅರ್ಧರ್ಧ ಹಂಚಿಕೊಂಡಿವೆ, ಅಣ್ಣತಮ್ಮಂದಿರು ಹಿತ್ತಿಲಿಗೆ ಬೇಲಿ ಹಾಕಿದ ಹಾಗೆ. ಕಿರುಬೆರಳು ಪೂರ್ತಿ ತಮ್ಮನ ಪಾಲು. ಅದಕ್ಕೆ ರಾತ್ರಿಯೆಲ್ಲ ಸುಖನಿದ್ರೆ.

ವೈದ್ಯರು ಕೊಟ್ಟದ್ದು ಮಾತ್ರೆಯಲ್ಲ, ಒಂದು ಸ್ಪ್ಲಿಂಟ್: ಬಟ್ಟೆಯ ಕವಚ, ಅಂಗೈ ಕಡೆಗೊಂದು ತಗಡು, ಬಿಚ್ಚುವಾಗ ಚರ್ರೆಂದು ಮನೆಯನ್ನೆಲ್ಲ ಎಬ್ಬಿಸುವ ವೆಲ್ಕ್ರೋ. ನಿದ್ದೆಯಲ್ಲಿ ಮಣಿಕಟ್ಟು ತಾನಾಗಿ ಮಡಿಸಿಕೊಳ್ಳುತ್ತದೆ, ಮಡಿಸಿದರೆ ಓಣಿಯ ಒತ್ತಡ ಏರುತ್ತದೆ. ಕೈಯನ್ನು ನೇರ ಇಡುವುದಷ್ಟೇ ಇದರ ಕೆಲಸ. ಹಳ್ಳಿಯಲ್ಲಿ ಮುರಿದ ಕೈಗೆ ಬಿದಿರ ದಬ್ಬೆ ಕಟ್ಟುತ್ತಿದ್ದರಲ್ಲ, ಅದರ ಪೇಟೆಯ ಮೊಮ್ಮಗ. ನಮ್ಮಮ್ಮ ಅದನ್ನು ದಬ್ಬೆ ಎಂದೇ ಕರೆಯುತ್ತಾಳೆ. ನನಗೂ ಆ ಮಾತೇ ಹಿಡಿಸಿತು. ಬಿಗಿದು ಕಟ್ಟಿದರೆ ಬೇಗ ಗುಣ ಎಂದುಕೊಳ್ಳಬೇಡಿ. ಬಿಗಿದ ದಬ್ಬೆ ಆ ನರವನ್ನೇ ಒತ್ತುತ್ತದೆ.

ಆರು ವಾರ ಕಟ್ಟಿ ನೋಡಿ. ಹೆಬ್ಬೆರಳ ಬುಡದ ಮಾಂಸ ಕರಗತೊಡಗಿದರೆ ಮಾತ್ರ ಕಾಯಬೇಡಿ, ಆ ಅಡ್ಡಪಟ್ಟಿಯನ್ನು ಕೊಯ್ದು ಓಣಿ ಬಿಡಿಸಬೇಕಾದೀತು ಎಂದಿದ್ದಾರೆ. ಈಗ ಮೂರನೆಯ ವಾರ. ನಿದ್ದೆ ಬಹುಮಟ್ಟಿಗೆ ಮರಳಿದೆ. ಪಾಠದ ನಡುವೆ ಎಡಗೈಯಿಂದ ಹೆಬ್ಬೆರಳ ಬುಡವನ್ನು ಒತ್ತಿ ನೋಡಿಕೊಳ್ಳುವ ಚಾಳಿಯೊಂದು ಹೊಸದಾಗಿ ಅಂಟಿದೆ; ಷಟ್ಪದಿಯ ಮಾತ್ರೆ ಎಣಿಸುತ್ತಿದ್ದಾರೆಂದು ಹುಡುಗರು ತಿಳಿದಿದ್ದಾರೆ.