ಒಳಚಿಲಕ

ಮನೆ ಕಟ್ಟಿಸುವವನು ಬಡವನಾಗಲಿ ಬಲ್ಲಿದನಾಗಲಿ, ಬಾಗಿಲಿಗೆ ಒಳಗಡೆಯಿಂದ ಒಂದು ಚಿಲಕ ಇಡಿಸುವುದನ್ನು ಮರೆಯುವುದಿಲ್ಲ. ಹೊರಗಿನ ಬೀಗ ಕಳ್ಳನಿಗಾಗಿ ಇರುವುದು. ಒಳಗಿನ ಚಿಲಕ ಹಾಗಲ್ಲ. ಅದು ನೆಂಟರಿಗೂ ಸಲ್ಲುತ್ತದೆ, ನೆರೆಯವರಿಗೂ ಸಲ್ಲುತ್ತದೆ. ಉಡುವಾಗ ತೊಡುವಾಗ, ಗಂಡಹೆಂಡಿರು ಕುಳಿತು ಸಾಲದ ಲೆಕ್ಕ ಹಾಕುವಾಗ, ಮಗಳ ಜಾತಕ ಹಿಂದಕ್ಕೆ ಬಂದ ದಿನ ತಾಯಿ ಕಣ್ಣೊರೆಸಿಕೊಳ್ಳುವಾಗ ಆ ಚಿಲಕ ಬೀಳುತ್ತದೆ. ಬಾಗಿಲು ಮುಚ್ಚಿದೆಯೆಂದ ಮಾತ್ರಕ್ಕೆ ಒಳಗೆ ಖೋಟಾ ನೋಟು ಅಚ್ಚಾಗುತ್ತಿದೆಯೆಂದು ಯಾರೂ ಶಂಕಿಸುವುದಿಲ್ಲ. ಇಷ್ಟು ಸಾಮಾನ್ಯವಾದ ಈ ಹಕ್ಕು ಭಾರತದ ಸಂವಿಧಾನದಲ್ಲಿ ಇದೆಯೇ ಇಲ್ಲವೇ ಎಂಬ ಪ್ರಶ್ನೆ 2015ರಲ್ಲಿ ದೆಹಲಿಯ ಸುಪ್ರೀಂ ಕೋರ್ಟಿನಲ್ಲಿ ಗಂಭೀರವಾಗಿ ಎದ್ದಿತು. ಇದೊಂದು ಮೂಲಭೂತ ಹಕ್ಕೇ ಅಲ್ಲವೆಂದು ವಾದಿಸಿದವರು ಸರ್ಕಾರದ ಅಟಾರ್ನಿ ಜನರಲ್ ಅವರೇ. ಪ್ರಶ್ನೆ ಅಲ್ಲಿಯವರೆಗೆ ಹೋಗಲು ಕಾರಣವಾದ ಮೊಕದ್ದಮೆಗೆ ಬೆಂಗಳೂರಿನ ವೃದ್ಧರೊಬ್ಬರ ಹೆಸರಿತ್ತು.

ಕೆ. ಎಸ್. ಪುಟ್ಟಸ್ವಾಮಿಯವರು 1926ರಲ್ಲಿ ಜನಿಸಿದವರು. ಬಹುಕಾಲ ವಕೀಲಿ ನಡೆಸಿ, 1977ರಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಾಧೀಶರಾಗಿ, 1986ರಲ್ಲಿ ನಿವೃತ್ತರಾದರು. 2012ರಲ್ಲಿ ಅವರಿಗೆ 86 ವರ್ಷ. ಆ ವಯಸ್ಸಿನ ಹಿರಿಯರ ವ್ಯಾಜ್ಯಗಳು ಸಾಮಾನ್ಯವಾಗಿ ಅಡಿಗೆಮನೆಯ ಹೊಸ್ತಿಲು ದಾಟುವುದಿಲ್ಲ. ಕಾಫಿಗೆ ಸಕ್ಕರೆ ಸಾಲದು ಎಂಬಲ್ಲಿಗೆ ಮುಗಿಯುತ್ತವೆ. ಪುಟ್ಟಸ್ವಾಮಿಯವರು ಮಾತ್ರ ಭಾರತ ಸರ್ಕಾರವನ್ನೇ ಎದುರು ಪಕ್ಷವಾಗಿಟ್ಟುಕೊಂಡು ಸುಪ್ರೀಂ ಕೋರ್ಟಿಗೆ ರಿಟ್ ಅರ್ಜಿ ಹಾಕಿದರು.

ಸಂಗತಿಯೇನೆಂದರೆ, 2009ರ ಜನವರಿಯಲ್ಲಿ ಸರ್ಕಾರವು ಒಂದು ಆಜ್ಞೆಯ ಮೂಲಕ ಗುರುತಿನ ಪ್ರಾಧಿಕಾರವೊಂದನ್ನು ಸ್ಥಾಪಿಸಿತು. ದೇಶದ ನಿವಾಸಿಗಳೆಲ್ಲರ ಹತ್ತು ಬೆರಳಿನ ಗುರುತು, ಎರಡು ಕಣ್ಣಪಾಪೆಗಳ ಚಿತ್ರ, ಮುಖದ ಭಾವಚಿತ್ರ ಇವುಗಳನ್ನು ಪಡೆದು ತಲೆಗೊಂದರಂತೆ 12 ಅಂಕಿಗಳ ಸಂಖ್ಯೆ ಕೊಡುವುದು ಅದರ ಕೆಲಸ. ಅದರ ಮೊದಲ ಅಧ್ಯಕ್ಷರು ಇನ್ಫೋಸಿಸ್ ಸಂಸ್ಥಾಪಕರಲ್ಲಿ ಒಬ್ಬರಾದ ನಂದನ್ ನಿಲೇಕಣಿಯವರು. ಅವರೂ ಬೆಂಗಳೂರಿನವರೇ, ಯೋಜನೆ ಹೂಡಿದವರೂ ಅದನ್ನು ಪ್ರಶ್ನಿಸಿದವರೂ ಒಂದೇ ಊರಿನವರಾದುದು ಒಂದು ವಿನೋದ. 2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ನಂದುರಬಾರ್ ಜಿಲ್ಲೆಯ ಟೆಂಭ್ಲಿ ಎಂಬ ಹಳ್ಳಿಯಲ್ಲಿ ಮೊದಲ ಸಂಖ್ಯೆಗಳು ಹಂಚಿಕೆಯಾದವು.

ಉದ್ದೇಶ ಕೆಟ್ಟದ್ದೆಂದು ಹೇಳಲಾಗದು. ಗುಳೆ ಹೋಗುವ ಕೂಲಿಯವನಿಗೆ ಜನನಪತ್ರವಿಲ್ಲ, ಮನೆಯ ವಿಳಾಸವಿಲ್ಲ. ಬ್ಯಾಂಕಿನ ಮೆಟ್ಟಿಲಲ್ಲಿ ಅವನನ್ನು ಕೇಳುವವರಿರಲಿಲ್ಲ. ತಾನು ತಾನೇ ಎಂಬುದಕ್ಕೆ ಅವನಿಗೊಂದು ಪುರಾವೆ ಬೇಕಾಗಿತ್ತು. ಆದರೆ ಪುಟ್ಟಸ್ವಾಮಿಯವರ ಕಣ್ಣಿಗೆ ಬಿದ್ದುದು ಬೇರೆ. ಇದಕ್ಕಾಗಿ 2010ರಲ್ಲಿ ಪಾರ್ಲಿಮೆಂಟಿನ ಮುಂದಿಟ್ಟ ಮಸೂದೆಯನ್ನು 2011ರ ಡಿಸೆಂಬರಿನಲ್ಲಿ ಸ್ಥಾಯೀ ಸಮಿತಿ ಒಪ್ಪದೆ ಹಿಂದಿರುಗಿಸಿತ್ತು. ಹಾಗಿದ್ದರೂ ಬೆರಳೊತ್ತಿಸಿಕೊಳ್ಳುವ ಕಾರ್ಯ ಊರೂರಿನಲ್ಲಿ ನಿಲ್ಲದೆ ನಡೆದಿತ್ತು. ಜನರ ಮೈಮೇಲಿನ ಗುರುತುಗಳನ್ನು ಯಾವ ಶಾಸನದ ಬಲದಿಂದ ಸಂಗ್ರಹಿಸುತ್ತಿದ್ದೀರಿ ಎಂಬುದೇ ಆ ನಿವೃತ್ತ ನ್ಯಾಯಾಧೀಶರ ಪ್ರಶ್ನೆ.

ಸರ್ಕಾರ ವಿವರ ಕೇಳುವುದೇ ತಪ್ಪೆಂದು ಇದರ ಅರ್ಥವಲ್ಲ. ಜನಗಣತಿಯವರು ಬಂದು ಮನೆಯಲ್ಲಿ ಎಷ್ಟು ಮಂದಿ, ಆಡುವ ಮಾತು ಯಾವುದು ಎಂದು ಕೇಳುವುದುಂಟು. ಜನ ಹೇಳುವುದೂ ಉಂಟು. ಆದರೆ 1948ರ ಜನಗಣತಿ ಶಾಸನವು, ಗಣತಿಯವರು ಬರೆದುಕೊಂಡುದನ್ನು ಯಾರಿಗೂ ತೋರಿಸಕೂಡದೆಂದೂ ಸಾಮಾನ್ಯವಾಗಿ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ತರಕೂಡದೆಂದೂ ಕಟ್ಟು ಮಾಡಿದೆ. ಕೇಳುವವನ ಕೈಯನ್ನು ಮೊದಲು ಕಟ್ಟಿ, ಆಮೇಲೆ ಕೇಳಲು ಕಳುಹಿಸಿದ ಶಾಸನವದು. ಇಲ್ಲಿ ಅಂಥ ಕಟ್ಟೇನೂ ಇರಲಿಲ್ಲ. ಮೇಲಾಗಿ, ಬೀಗದ ಕೈ ಕಳೆದರೆ ಬೀಗ ಬದಲಾಯಿಸಬಹುದು. ಬೆರಳಿನ ಗುರುತು ಪರರ ಪಾಲಾದರೆ ಬೇರೆ ಬೆರಳನ್ನು ಎಲ್ಲಿಂದ ತರುವುದು?

ಪುಟ್ಟಸ್ವಾಮಿಯವರ ಅರ್ಜಿಯ ಹಿಂದೆ ಇನ್ನೂ ಅನೇಕ ಅರ್ಜಿಗಳು ಬಂದವು. ಮೈಸೂರಿನಲ್ಲಿ ನೆಲೆಸಿದ್ದ ನಿವೃತ್ತ ಮೇಜರ್ ಜನರಲ್ ಎಸ್. ಜಿ. ಒಂಬತ್ಕೆರೆಯವರೂ, ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಹುಟ್ಟಿ ಮಲ ಹೊರುವ ಪದ್ಧತಿಯ ವಿರುದ್ಧ ಹೋರಾಡಿದ ಬೆಜವಾಡ ವಿಲ್ಸನ್ ಅವರೂ ಜೊತೆಗೂಡಿ ಒಂದನ್ನು ಹಾಕಿದರು. 2013ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯವು, ಆಧಾರ್ ಇಲ್ಲವೆಂಬ ಕಾರಣದಿಂದ ಯಾರಿಗೂ ತೊಂದರೆಯಾಗಕೂಡದೆಂದು ಮಧ್ಯಂತರ ಆಜ್ಞೆ ಕೊಟ್ಟಿತು. ಕಚೇರಿಗಳಲ್ಲಿ ಮಾತ್ರ ಆ ಆಜ್ಞೆಗೆ ಒಂದು ವಿಚಿತ್ರವಾದ ವ್ಯಾಖ್ಯಾನ ಹುಟ್ಟಿಕೊಂಡಿತು: ಕಡ್ಡಾಯವಲ್ಲ, ಆದರೆ ಇಲ್ಲದಿದ್ದರೆ ಕೆಲಸವಾಗುವುದಿಲ್ಲ.

ಇನ್ನು ಸರ್ಕಾರದ ವಾದ. ಅದಕ್ಕೆ ಆಧಾರ ಎರಡು ಹಳೆಯ ತೀರ್ಪುಗಳು. 1954ರಲ್ಲಿ ಎಂಟು ನ್ಯಾಯಾಧೀಶರು ಕೊಟ್ಟದ್ದು ಒಂದು. 1962ರ ಡಿಸೆಂಬರಿನಲ್ಲಿ ಆರು ನ್ಯಾಯಾಧೀಶರು ಕೊಟ್ಟದ್ದು ಇನ್ನೊಂದು. ಎರಡನೆಯದರ ಕಥೆ ಕೇಳತಕ್ಕದ್ದು. ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬಾತನನ್ನು 1941ರಲ್ಲಿ ದರೋಡೆಯ ಆರೋಪದ ಮೇಲೆ ಹಿಡಿದು, ಸಾಕ್ಷ್ಯ ಸಾಲದೆ ಬಿಟ್ಟಿದ್ದರು. ಬಿಟ್ಟರೂ ಪೋಲೀಸರು ಅವನ ಹೆಸರಿನಲ್ಲಿ ಕಡತ ತೆರೆದರು. ಅವನು ಊರು ಬಿಟ್ಟರೆ ಹೇಳಿ ಹೋಗಬೇಕು; ನಡುರಾತ್ರಿ ಪೇದೆಗಳು ಬಂದು ಬಾಗಿಲು ತಟ್ಟಿ ಅವನನ್ನು ಎಬ್ಬಿಸಿ, ಇದ್ದಾನೆಂದು ಖಾತರಿ ಮಾಡಿಕೊಂಡು ಹೋಗುವರು. ರಾತ್ರಿ ಬಾಗಿಲು ತಟ್ಟುವ ನಿಯಮವನ್ನು ನ್ಯಾಯಾಲಯ ಹೊಡೆದುಹಾಕಿತು. ಆದರೆ ಖಾಸಗಿತನವೆಂಬ ಹಕ್ಕಿಗೆ ಸಂವಿಧಾನದಲ್ಲಿ ಎಡೆಯಿಲ್ಲವೆಂದು ಬಹುಮತದವರು ಒಂದು ಮಾತು ಸೇರಿಸಿದರು. ಒಪ್ಪದೆ ಬೇರೆ ಬರೆದ ನ್ಯಾಯಮೂರ್ತಿ ಸುಬ್ಬರಾಯರು, ಆ ಹಕ್ಕು ಸ್ವಾತಂತ್ರ್ಯದ ಒಡಲೊಳಗೇ ಇದೆಯೆಂದರು. ಅಲ್ಪಮತದ ಆ ಮಾತು ಐದು ದಶಕಕ್ಕೂ ಹೆಚ್ಚು ಕಾಲ ಪುಸ್ತಕದಲ್ಲಿಯೇ ಕಾದು ಕುಳಿತಿತ್ತು.

2017ರ ಆಗಸ್ಟ್ 24ರಂದು ಮುಖ್ಯ ನ್ಯಾಯಮೂರ್ತಿ ಖೇಹರ್ ಅವರ ನೇತೃತ್ವದಲ್ಲಿ ಒಂಬತ್ತು ಮಂದಿ ನ್ಯಾಯಾಧೀಶರು ಒಮ್ಮತದಿಂದ ತೀರ್ಪಿತ್ತರು: ಖಾಸಗಿತನ ಮೂಲಭೂತ ಹಕ್ಕು. ತೀರ್ಪು 547 ಪುಟ. ಒಂಬತ್ತರಲ್ಲಿ ಒಬ್ಬರು ಕರ್ನಾಟಕದವರಾದ ಎಸ್. ಅಬ್ದುಲ್ ನಜೀರ್ ಅವರು. ತುರ್ತುಪರಿಸ್ಥಿತಿಯ ಕಾಲದಲ್ಲಿ, ಪ್ರಜೆಯ ಸ್ವಾತಂತ್ರ್ಯವನ್ನು ಸರ್ಕಾರಕ್ಕೆ ಒಪ್ಪಿಸಿಬಿಟ್ಟಂತಹ 1976ರ ತೀರ್ಪೊಂದಿತ್ತು. ಅದಕ್ಕೆ ಸಮ್ಮತಿಯಿತ್ತವರಲ್ಲಿ ವೈ. ವಿ. ಚಂದ್ರಚೂಡರೂ ಒಬ್ಬರು. ಅದನ್ನು ಈಗ ರದ್ದುಗೊಳಿಸಿ ಬರೆದವರು ಅವರ ಪುತ್ರ ಡಿ. ವೈ. ಚಂದ್ರಚೂಡರು. ಪಿತೃಋಣವನ್ನು ತೀರಿಸುವ ಕ್ರಮಗಳಲ್ಲಿ ಇದೂ ಒಂದಿರಬಹುದು.

ಖಾಸಗಿತನವೆಂಬುದು ಉಳ್ಳವರ ಶೋಕಿ, ಹಸಿದವನಿಗೆ ಅದೇಕೆ ಎಂಬ ವಾದವೂ ಆಗ ಕೇಳಿಬಂದಿತ್ತು. ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಶಬ್ದ ಹೊಸದಿರಬಹುದು, ಮನೆಯ ಗುಟ್ಟು ಎಂಬ ಮಾತು ಹೊಸದೇ? ಉಳ್ಳವನಿಗೆ ಕಾಂಪೌಂಡ್ ಗೋಡೆಯಿದೆ, ಗೇಟಿದೆ, ಕಾವಲುಗಾರನಿದ್ದಾನೆ. ಸೋಗೆಯ ಗುಡಿಸಿಲಿನವನಿಗೆ ಇರುವುದು ಕಾನೂನೊಂದೇ. ನ್ಯಾಯಬೆಲೆ ಅಂಗಡಿಯ ಮುಂದೆ ಸರದಿ ನಿಂತು, ಗಾರೆ ಕಲಸಿ, ಪಾತ್ರೆ ತಿಕ್ಕಿ ಸವೆದ ಹೆಬ್ಬೆರಳನ್ನು ಯಂತ್ರದ ಮೇಲೆ ಮತ್ತೆ ಮತ್ತೆ ಒತ್ತಿ, ಹೊಂದಿಕೆಯಾಗದೆ ಬರಿಯ ಚೀಲ ಹಿಡಿದು ಮರಳುವವರು ಬಂಗಲೆಯವರಲ್ಲ. ತೀರ್ಪು ಬಂದ ಮರುತಿಂಗಳೇ ಝಾರ್ಖಂಡಿನ ಸಿಮ್ಡೇಗಾ ಜಿಲ್ಲೆಯಲ್ಲಿ ಹನ್ನೊಂದು ವರ್ಷದ ಬಾಲಿಕೆಯೊಬ್ಬಳು ತೀರಿಕೊಂಡಳು. ಆಧಾರ್ ಜೋಡಿಸಿಲ್ಲವೆಂದು ಆ ಮನೆಯ ರೇಷನ್ ಕಾರ್ಡು ರದ್ದಾಗಿತ್ತು, ಮಗು ಹಸಿವಿನಿಂದ ಸತ್ತಿತು ಎಂದಳು ತಾಯಿ. ಅಲ್ಲ, ಮಲೇರಿಯಾದಿಂದ ಎಂದರು ಅಧಿಕಾರಿಗಳು.

ಯೋಜನೆಯ ಮೇಲಿನ ವಿಚಾರಣೆ ಬೇರೆಯಾಗಿ 2018ರಲ್ಲಿ 38 ದಿನ ನಡೆಯಿತು. ಜನರ ವಿವರಗಳನ್ನಿಟ್ಟಿರುವ ಕಟ್ಟಡದ ಗೋಡೆ 13 ಅಡಿ ಎತ್ತರ, 5 ಅಡಿ ದಪ್ಪ ಇದೆಯೆಂದು ಅಟಾರ್ನಿ ಜನರಲ್ ಅವರು ಆಗ ಭರವಸೆಯಿತ್ತರು. ಕನ್ನಡಿಗರಿಗೆ ಕೋಟೆಗಳ ವಿಷಯ ಹೊಸದಲ್ಲ. ಚಿತ್ರದುರ್ಗದ ಏಳು ಸುತ್ತಿನ ಕೋಟೆಯ ಕಥೆಯಲ್ಲಿ ಹೈದರನ ಸೈನಿಕರು ಗೋಡೆ ಹತ್ತಿ ಬಂದವರಲ್ಲ; ಒಂದು ಕಿಂಡಿ ಅವರಿಗೆ ಸಾಕಾಗಿತ್ತು. ಅದೇ ವರ್ಷದ ಜನವರಿಯಲ್ಲಿ ಚಂಡೀಗಢದ ಟ್ರಿಬ್ಯೂನ್ ಪತ್ರಿಕೆ, 500 ರೂಪಾಯಿ ಕೊಟ್ಟರೆ ಯಾರ ವಿವರವನ್ನಾದರೂ ನೋಡಲು ಕಿಂಡಿ ತೆರೆದುಕೊಡುವವರಿದ್ದಾರೆಂದು ಬರೆದಿತ್ತು. ಭಂಡಾರಕ್ಕೆ ಯಾರೂ ಕನ್ನ ಹಾಕಿಲ್ಲವೆಂದ ಪ್ರಾಧಿಕಾರವು ಪೋಲೀಸರಿಗಿತ್ತ ದೂರಿನಲ್ಲಿ, ಸುದ್ದಿ ಬರೆದ ವರದಿಗಾರ್ತಿಯ ಹೆಸರೂ ಇತ್ತು! ಒನಕೆ ಹಿಡಿದವಳ ಮೇಲೆಯೇ ಕೋಪ.

2018ರ ಸೆಪ್ಟೆಂಬರ್ 26ರಂದು ಬಂದ ತೀರ್ಪು ಅರ್ಧ ಗೆಲುವು, ಅರ್ಧ ಸೋಲು. ಐವರಲ್ಲಿ ನಾಲ್ವರು ಯೋಜನೆಯನ್ನೂ, ಹಣಕಾಸು ಮಸೂದೆಯೆಂಬ ಹೆಸರಿನಲ್ಲಿ 2016ರಲ್ಲಿ ಅಂಗೀಕಾರವಾದ ಅದರ ಶಾಸನವನ್ನೂ ಎತ್ತಿ ಹಿಡಿದರು. ರಾಜ್ಯಸಭೆಯನ್ನು ಬಳಸಿಕೊಂಡು ಹೋದ ಆ ದಾರಿ ಸಂವಿಧಾನಕ್ಕೆ ಮಾಡಿದ ವಂಚನೆಯೆಂದು ಚಂದ್ರಚೂಡರು ಒಬ್ಬರೇ ಬರೆದರು. ಪಡಿತರಕ್ಕೂ ಆದಾಯ ತೆರಿಗೆಗೂ ಆಧಾರ್ ಉಳಿಯಿತು. ಬ್ಯಾಂಕಿನ ಖಾತೆಗೆ, ದೂರವಾಣಿಗೆ, ಮಕ್ಕಳನ್ನು ಶಾಲೆಗೆ ಸೇರಿಸುವುದಕ್ಕೆ ಕಡ್ಡಾಯವಾಗದೆ ಹೋಯಿತು. 2019ರಲ್ಲಿ ಶಾಸನವನ್ನು ತಿದ್ದಿ, ಬ್ಯಾಂಕು ಮತ್ತು ದೂರವಾಣಿಯವರಿಗೆ ಜನ ಸ್ವಇಚ್ಛೆಯಿಂದ ಕೊಡಬಹುದೆಂದರು. ಕೌಂಟರಿನ ಮುಂದೆ ನಿಂತವನ ಸ್ವಇಚ್ಛೆ ಎಷ್ಟು ಗಟ್ಟಿಯೆಂಬುದನ್ನು ಗೃಹಸ್ಥರೆಲ್ಲರೂ ಬಲ್ಲರು.

ಆ ಗೃಹಸ್ಥರ ಮಾತನ್ನೂ ಇಲ್ಲಿ ಆಡದೆ ನಿರ್ವಾಹವಿಲ್ಲ. ಹಾಲಿಗೆ ನೀರು ಬೆರೆತರೆ ರಂಪ ಮಾಡುವ ಯಜಮಾನರು ಲಾಡ್ಜಿನ ಗುಮಾಸ್ತೆ ಕೈಚಾಚಿದೊಡನೆ ಸಂಸಾರದವರೆಲ್ಲರ ಕಾರ್ಡಿನ ಪ್ರತಿಗಳನ್ನು ಮರುಮಾತಿಲ್ಲದೆ ಒಪ್ಪಿಸುವರು; ಆಮೇಲೆ ಅವು ಯಾವ ಗೂಡಂಗಡಿಯಲ್ಲಿ ಕಡಲೆಕಾಯಿ ಪೊಟ್ಟಣವಾಗುವುವೋ ವಿಚಾರಿಸರು. 2022ರ ಮೇ 27ರಂದು ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯೇ, ಕಂಡಕಂಡವರಿಗೆ ಪ್ರತಿ ಕೊಡಬೇಡಿರಿ, ದುರುಪಯೋಗವಾದೀತು, ಕೊಡುವುದಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿ ಕೊಡಿರಿ ಎಂದು ಪ್ರಕಟಣೆ ಕೊಟ್ಟಿತು. ಎರಡೇ ದಿನಗಳಲ್ಲಿ ಸರ್ಕಾರ, ಜನ ಅಪಾರ್ಥ ಮಾಡಿಕೊಂಡಾರೆಂಬ ಕಾರಣ ಹೇಳಿ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ಹಿತನುಡಿಗೆ ಇಷ್ಟು ಅಲ್ಪಾಯುಸ್ಸು ಒದಗಿದುದು ಅಪರೂಪ.

ವಿವರಗಳ ರಕ್ಷಣೆಗೆಂದು 2023ರ ಆಗಸ್ಟಿನಲ್ಲಿ ಒಂದು ಕಾಯಿದೆಯೇನೋ ಬಂದಿದೆ. ಅದರ 17ನೆಯ ಪ್ರಕರಣವು, ದೇಶದ ಭದ್ರತೆ, ಸಾರ್ವಜನಿಕ ಶಾಂತಿ ಮುಂತಾದ ಕಾರಣಗಳಿಗಾಗಿ ತನ್ನ ಯಾವ ಸಂಸ್ಥೆಯನ್ನಾದರೂ ಆ ಕಾಯಿದೆಯ ಕಟ್ಟಿನಿಂದ ಹೊರಗಿಡಲು ಕೇಂದ್ರ ಸರ್ಕಾರಕ್ಕೆ ಅಧಿಕಾರ ಕೊಡುತ್ತದೆ. ಅಂಗಡಿಯವನಿಗೆ ಬಿಗಿಯಾದ ಬೇಲಿ, ಬೇಲಿ ಹಾಕಿದವನಿಗೆ ತೆರೆದ ಗೇಟು.

ಪುಟ್ಟಸ್ವಾಮಿಯವರು 2024ರ ಅಕ್ಟೋಬರ್ 28ರಂದು, ತಮ್ಮ 98ನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ತೀರಿಕೊಂಡರು. ವರ್ಷ ತುಂಬುವ ಮೊದಲೇ, 2025ರ ಸೆಪ್ಟೆಂಬರಿನಲ್ಲಿ ರಾಜ್ಯದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಆರಂಭವಾಯಿತು. ವಿದ್ಯುತ್ ಮೀಟರು ಓದುವವರು ಮೊದಲೇ ಬಂದು ಮನೆಗಳಿಗೆ ಚೀಟಿ ಅಂಟಿಸಿ ಹೋಗಿದ್ದರು. ಹಿಂದೆಯೇ ಸಮೀಕ್ಷಕರು 60 ಪ್ರಶ್ನೆಗಳನ್ನು ಹಿಡಿದು ಬಂದರು. ಸಮೀಕ್ಷೆಯಿಂದ ಹಿತವಾಗುವವರು ಅನೇಕರಿದ್ದಾರೆ. ಅದನ್ನು ನಿಲ್ಲಿಸಲು ಹೈಕೋರ್ಟು ಒಪ್ಪಲಿಲ್ಲ. ಆದರೆ, ಪುಟ್ಟಸ್ವಾಮಿಯವರು ಹಿಂದೆ ನ್ಯಾಯಾಧೀಶರಾಗಿದ್ದ ಆ ನ್ಯಾಯಾಲಯ ಸೆಪ್ಟೆಂಬರ್ 25ರಂದು ನಾಲ್ಕು ಮಾತು ವಿಧಿಸಿತು. ಬರೆದುಕೊಂಡುದು ಗೋಪ್ಯವಾಗಿರಬೇಕು, ಉತ್ತರ ಕೊಡುವುದು ಬಿಡುವುದು ಮನೆಯವರ ಇಚ್ಛೆ, ಆ ಇಚ್ಛೆಯ ಸಂಗತಿಯನ್ನು ಬಾಗಿಲಿಗೆ ಬಂದವರೇ ಮೊದಲು ತಿಳಿಸಬೇಕು, ಬೇಡವೆಂದವರನ್ನು ಒತ್ತಾಯಿಸಕೂಡದು.